ಜ್ಯಾಕ್ ರೋಸ್‌ಗೆ ಅಮದಳ್ಳಿಯ ಗೇರುಹಣ್ಣು

ಕಳೆದ ಏಪ್ರಿಲ್‌ನಲ್ಲಿ ಇಂಟರ್ನಲ್ಸ್ ಮುಗಿದ ರಾತ್ರಿ ಹಾಸ್ಟೆಲಿನ ಒಂದು ರೂಮಲ್ಲಿ ನಾವು ನಾಲ್ಕು ಜನ ಕಾಕ್‌ಟೇಲ್ ವಿಡಿಯೋ ನೋಡ್ತಾ ಕೂತಿದ್ವಿ. ಕುಡಿಯೋ ಆಸೆಗಿಂತ ಹೆಚ್ಚಾಗಿ ಆ ಐಸ್ ಕುಲುಕುವ ಸದ್ದಿಗೆ. ಆವತ್ತು ಬಂದದ್ದು ‘ಜ್ಯಾಕ್ ರೋಸ್’. ಮೂರೇ ಸಾಮಾನು: ಸೇಬಿನ ಬ್ರಾಂದಿ, ಲಿಂಬೆರಸ, ದಾಳಿಂಬೆಯ ಕೆಂಪು ಸಿರಪ್. ಹೆಮಿಂಗ್ವೇ 1926ರ ತನ್ನ ಕಾದಂಬರಿಯಲ್ಲಿ ನಾಯಕನ ಕೈಗೆ ಕೊಟ್ಟ ಗ್ಲಾಸು ಇದು. ಮೂರು ಸಾಮಾನಿಂದು ಅಂದ್ರೆ ಮನೆಯಲ್ಲೇ ಮಾಡಬಹುದಲ್ಲ ಅಂತ ಒಬ್ಬ ಅಂದ. ಸೇಬಿನ ಬ್ರಾಂದಿ ಎಲ್ಲಿಂದ ತರ್ತೀಯಾ ಮಾರಾಯಾ ಅಂತ ಇನ್ನೊಬ್ಬ.

ನಾವು ಹುಡುಕಿ ಓದಿದ ಮೇಲೆ ತಿಳಿದದ್ದು ಇಷ್ಟು. ಬ್ರಾಂದಿ ಅಂದ್ರೆ ಹಣ್ಣಿನ ರಸ ಹುಳಿಬರಿಸಿ, ಭಟ್ಟಿ ಇಳಿಸಿದ್ದು. ನಮ್ಮ ಅಂಗಡಿಗಳಲ್ಲಿ ‘ಬ್ರಾಂದಿ’ ಅನ್ನೋ ಲೇಬಲ್ಲಿನಡಿ ಸಿಗೋದರಲ್ಲಿ ಬಹುಪಾಲು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ತೆಗೆದ ಸ್ಪಿರಿಟ್ಟಿಗೆ ಬಣ್ಣ, ವಾಸನೆ ಸೇರಿಸಿದ್ದು. ಹಣ್ಣಿನ ಸುಳಿವೂ ಇಲ್ಲ. ಆದರೆ ಹಣ್ಣಿನಿಂದಲೇ ಇಳಿಸಿದ ಒಂದು ಮದ್ಯ ನಮ್ಮ ಜಿಲ್ಲೆಯ ಗಡಿಗೆ ತಾಗಿಯೇ ಇದೆ. ಕಾರವಾರ ದಾಟಿ, ಕಾಳಿ ಸೇತುವೆ ದಾಟಿ, ಸದಾಶಿವಗಡ, ಮಾಜಾಳಿ ದಾಟಿದ್ರೆ ಗೋವಾ. ಅಲ್ಲಿ ಗೇರುಹಣ್ಣನ್ನು ತುಳಿದು ರಸ ತೆಗೀತಾರೆ, ಹುಳಿಬರಿಸ್ತಾರೆ. ಒಮ್ಮೆ ಭಟ್ಟಿ ಇಳಿಸಿದ್ರೆ ಉರಾಕ್, ಮತ್ತೆ ಇಳಿಸಿದ್ರೆ ಫೆನಿ. ಇಂಗ್ಲಿಷಿನವರು ಗೇರುಹಣ್ಣಿಗೂ ‘ಆ್ಯಪಲ್’ ಅಂತಲೇ ಅನ್ನೋದು. ಹಾಗಾಗಿ ನಮ್ಮ ಕರಾವಳಿಯ ಆ್ಯಪಲ್ ಬ್ರಾಂದಿ ಯಾವುದು ಅಂದ್ರೆ ಫೆನಿಯೇ. ಬೇಸಿಗೆಯಲ್ಲಿ ಗೋವಾದವರು ಉರಾಕ್‌ಗೆ ಲಿಂಬೆ, ಉಪ್ಪು, ಸೀಳಿದ ಹಸಿಮೆಣಸು, ಲಿಮ್ಕಾ ಹಾಕಿ ಕುಡಿಯೋದನ್ನ ನಮ್ಮಲ್ಲಿ ಕೆಲವರು ನೋಡಿದ್ದಾರೆ. ನೋಡಿದ್ದಾರೆ ಅಂತಷ್ಟೇ ಬರೀತೀವಿ.

ಇಲ್ಲಿಗೆ ಬೈಕ್ ಹತ್ತಿ ಗಡಿ ಕಡೆ ಹೊರಡಬೇಕಿತ್ತು, ನಮ್ಮ ಕ್ಯಾಂಪಸ್ಸಿನ ಅರ್ಧ ಕಥೆಗಳು ಹಾಗೇ ಶುರುವಾಗೋದು. ಅಲ್ಲಿಂದ ಬಾಟಲಿ ಕದ್ದು ತಂದು ಚೆಕ್‌ಪೋಸ್ಟ್‌ನಲ್ಲಿ ಸಿಕ್ಕಿಬಿದ್ದವರ ಕಥೆಗಳೂ ಕಡಿಮೆಯಿಲ್ಲ. ನಾವು ಹೋದದ್ದು ಉಲ್ಟಾ ದಿಕ್ಕಿಗೆ. ನಮ್ಮ ನಾಲ್ವರಲ್ಲಿ ಒಬ್ಬನ ಮನೆ ಅಮದಳ್ಳಿ, ಕಾರವಾರದಿಂದ ಅಂಕೋಲಾ ಕಡೆ ಹೋಗುವ ಹೆದ್ದಾರಿಯಲ್ಲಿ, ವೀರಗಣಪತಿ ದೇವಸ್ಥಾನ ಇರುವ ಊರು. ಮನೆ ಹಿಂದಿನ ದಿಬ್ಬದಲ್ಲಿ ಹದಿನೈದಿಪ್ಪತ್ತು ಗೇರುಮರ. ಶನಿವಾರ ಬೆಳಿಗ್ಗೆ ಹೋಗಿ ನೋಡಿದ್ರೆ ಮರದ ಬುಡ ಪೂರ್ತಿ ಹಳದಿ, ಕೆಂಪು. ಕಾಲಿಟ್ಟಲ್ಲಿ ಪಚಕ್ ಅನ್ನುತ್ತೆ. ಗೆಳೆಯನ ಅಜ್ಜಿ ಬಗ್ಗಿ ಬಗ್ಗಿ ಬೀಜ ತಿರುಚಿ ಬುಟ್ಟಿಗೆ ಹಾಕ್ತಿದ್ರು, ಹಣ್ಣನ್ನ ಅಲ್ಲೇ ಎಸೀತಿದ್ರು. ಬೀಜಕ್ಕಿಂತ ಹಣ್ಣು ಐದರಿಂದ ಹತ್ತು ಪಟ್ಟು ತೂಕ. ಬುಟ್ಟಿಯಲ್ಲಿ ಹತ್ತು ಕಿಲೋ ಬೀಜ ಅಂದ್ರೆ ಮಣ್ಣಿನ ಮೇಲೆ ಕಡಿಮೆ ಅಂದ್ರೂ ಐವತ್ತು ಕಿಲೋ ಹಣ್ಣು. ಕಿತ್ತಳೆಗಿಂತ ನಾಲ್ಕೈದು ಪಟ್ಟು ಸಿ ಜೀವಸತ್ವ ಇರುವ ಹಣ್ಣು! ಸಂಜೆಗೆ ನೊಣ, ಮರುದಿನಕ್ಕೆ ಹುಳಿ ವಾಸನೆ, ಮೂರನೇ ದಿನಕ್ಕೆ ಗೊಬ್ಬರ.

“ಭಟ್ಟಿ ಇಳಿಸೋಕೆ ಬಂದ್ರಾ?” ಅಜ್ಜಿ ಕೇಳಿದ ಮೊದಲ ಪ್ರಶ್ನೆಯೇ ಇದು. ನಗ್ತಾ ಕೇಳಿದ್ದಲ್ಲ. ಇದೇ ಹಣ್ಣಿಂದ ಕದ್ದು ಭಟ್ಟಿ ಇಳಿಸಿದ ಮನೆ ಅವರಿಗೆ ಗೊತ್ತಿತ್ತು. “ಮೊದಲ ವರ್ಷ ಬಿದ್ದ ಹಣ್ಣು ಇಳಿಸಿದ. ಮರುವರ್ಷ ಬೀಜ ಮಾರಿದ ದುಡ್ಡೂ ಅದಕ್ಕೇ ಹೋಯ್ತು. ಅದರ ಮರುವರ್ಷ ಮರಾನೇ ಇರಲಿಲ್ಲ.” ಅಷ್ಟು ಹೇಳಿ ಮತ್ತೆ ಬಗ್ಗಿದ್ರು.

ಇಂಥ ಮಾತಿಗೆ ನಮ್ಮ ಹತ್ರ ಉತ್ತರ ಇರಲಿಲ್ಲ, ಈಗಲೂ ಪೂರ್ತಿ ಇಲ್ಲ. ಮನೆಯಲ್ಲಿ ಭಟ್ಟಿ ಇಳಿಸೋದು 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ ಅನ್ನೋದು ಒಂದು. ಇನ್ನೊಂದು, 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತ ರಾಜ್ಯ ನಮ್ಮದು. ಕೆಮಿಸ್ಟ್ರಿ ಲ್ಯಾಬಿನ ಧೈರ್ಯದಲ್ಲಿ “ಮೆಥನಾಲ್ 64.7 ಡಿಗ್ರಿಗೆ ಕುದಿಯುತ್ತೆ, ಎಥನಾಲ್ 78ಕ್ಕೆ, ಮೊದಲು ಬಂದದ್ದು ಚೆಲ್ಲಿದ್ರಾಯ್ತು” ಅನ್ನುವವರು ನಮ್ಮ ಬ್ಯಾಚಲ್ಲೂ ಇದ್ದಾರೆ. ಅವರಿಗೆ ಹೇಳೋದು: ಮಿಶ್ರಣ ಕುದಿಯುವಾಗ ಎರಡೂ ಒಟ್ಟಿಗೇ ಆವಿಯಾಗುತ್ತವೆ, ಕುಕ್ಕರ್ರಿಗೆ ಪೈಪ್ ಸಿಕ್ಕಿಸಿದ್ರೆ ಅವು ಸಾಲಾಗಿ ಬರೋದಿಲ್ಲ. ಅದಕ್ಕಿಂತ ಹೆಚ್ಚಾಗಿ, ಜನ ಸತ್ತಿರೋದು ಹೆಚ್ಚಾಗಿ ಕಾರ್ಖಾನೆಯ ಮೆಥನಾಲ್ ಬೆರೆಸಿದ್ದರಿಂದ. ಅದನ್ನ ನಾಲಿಗೆಯಾಗಲೀ ಮೂಗಾಗಲೀ ಹಿಡಿಯೋಕೆ ಆಗಲ್ಲ.

ಹಾಗಾದ್ರೆ ಜ್ಯಾಕ್ ರೋಸ್? ಅದರ ಹೆಸರಿನಲ್ಲೇ ದಾರಿ ಸಿಕ್ತು. ಅಮೆರಿಕದ ಸೇಬಿನ ಬ್ರಾಂದಿಗೆ ಆ್ಯಪಲ್‌ಜ್ಯಾಕ್ ಅಂತಾರೆ. ಹಳೇ ಕಾಲದಲ್ಲಿ ಚಳಿ ದೇಶದ ರೈತರು ಹುಳಿಬಂದ ಸೇಬಿನ ರಸವನ್ನು ಪೀಪಾಯಿಯಲ್ಲಿ ತುಂಬಿ ಹಿಮದಲ್ಲಿ ಇಡ್ತಿದ್ರಂತೆ. ನೀರು ಗಟ್ಟಿಯಾಗ್ತಿತ್ತು, ಮಂಜುಗಡ್ಡೆ ತೆಗೆದು ಬಿಸಾಡಿದ್ರೆ ಉಳಿದದ್ದು ಗಾಢ. ಬೆಂಕಿಯಿಲ್ಲದ ಭಟ್ಟಿ. ಮದ್ಯಕ್ಕೆ ಇದೂ ಒಳ್ಳೆಯದಲ್ಲ, ಬೇಡದ್ದೂ ಒಳಗೇ ಗಾಢವಾಗಿ ಉಳಿಯುತ್ತೆ. ಆದರೆ ಹುಳಿಬರದ ತಾಜಾ ರಸಕ್ಕೆ ಮಾಡಿದ್ರೆ ತೊಂದರೆ ಏನು? ಅಮದಳ್ಳಿಗೆ ಹಿಮ ಎಲ್ಲಿಂದ ಬರಬೇಕು, ಫ್ರಿಜ್ ಇದೆಯಲ್ಲ.

ಆವತ್ತೇ ಬಿದ್ದ, ಸೀಳದ ಹಣ್ಣು ಆರಿಸಿದ್ವಿ. ಬೀಜ ತಿರುಚುವಾಗ ಹುಷಾರು, ಸಿಪ್ಪೆಯ ಎಣ್ಣೆ ತಾಗಿದ್ರೆ ಚರ್ಮ ಸುಡುತ್ತೆ. ತೊಳೆದು, ಹೆಚ್ಚಿ, ಪಂಚೆಯ ತುಂಡಿನಲ್ಲಿ ಹಿಂಡಿದ್ವಿ. ಎರಡು ಲೀಟರ್ ಬಂತು. ಬಾಯಿಗೆ ಹಾಕಿದ್ರೆ ಸಿಹಿ, ಆಮೇಲೆ ಆ ಒಗರು ಗಂಟಲು ಹಿಡೀತು. ಟ್ಯಾನಿನ್. ಈ ಹಣ್ಣು ಮಾರುಕಟ್ಟೆಗೆ ಹೋಗದೇ ಇರೋಕೆ ಮೊದಲ ಕಾರಣ ಈ ಒಗರು, ಎರಡನೇದು ಒಂದು ದಿನವೂ ತಡೆಯದ ಅದರ ಮೈ. ಒಗರಿಗೆ ಮದ್ದು ಹಳೇದೇ: ಗಂಜಿ. ಅಜ್ಜಿಯ ಅಡುಗೆಮನೆಯ ತಣ್ಣಗಿನ ಗಂಜಿತಿಳಿ ಒಂದು ಲೋಟ ಬೆರೆಸಿ ಫ್ರಿಜ್ಜಲ್ಲಿಟ್ವಿ, ಸಾಬುದಾನಿ ಬೇಯಿಸಿ ಹಾಕಿದ್ರೂ ನಡೆಯುತ್ತೆ. ರಾತ್ರಿಗೆ ತಳದಲ್ಲಿ ಬಿಳಿ ಗಸಿ, ಮೇಲೆ ತಿಳಿಹಳದಿ ರಸ. ಮೇಲಿನದನ್ನ ಮಾತ್ರ ಬಾಟಲಿಗೆ ಬಗ್ಗಿಸಿ, ಉಬ್ಬೋಕೆ ಜಾಗ ಬಿಟ್ಟು, ಫ್ರೀಜರಿಗೆ.

ಮರುದಿನ ಬಾಟಲಿ ತಲೆಕೆಳಗು ಮಾಡಿ ಪಾತ್ರೆಯ ಮೇಲೆ ನಿಲ್ಲಿಸಿದ್ವಿ. ಮೊದಲು ಕರಗಿ ಇಳಿಯೋದು ಸಕ್ಕರೆ ತುಂಬಿದ ರಸ, ಕೊನೆಗೆ ಉಳಿಯೋದು ಬಣ್ಣಗೆಟ್ಟ ಮಂಜುಗಡ್ಡೆ. ಅರ್ಧ ಇಳಿದ ಕೂಡಲೇ ಪಾತ್ರೆ ತೆಗೆದ್ವಿ. ಥರ್ಮೊಡೈನಾಮಿಕ್ಸ್ ಪೇಪರಲ್ಲಿ ಫೇಸ್ ಡಯಾಗ್ರಾಮ್ ಬರೆದು ಏಳು ಮಾರ್ಕ್ಸ್ ತಗೊಂಡಾಗ ಅರ್ಥವಾಗದ್ದು ಅಲ್ಲಿ ಸ್ಟೀಲ್ ಪಾತ್ರೆಗೆ ತೊಟ್ಟಿಕ್ಕಿತು.

ದಾಳಿಂಬೆ ಸಿರಪ್ಪಿಗೆ ಬದಲಿ ಹುಡುಕಬೇಕಾಗಲೇ ಇಲ್ಲ. ಕಾರವಾರದ ಕಡೆ ಯಾವ ಮನೆಯಲ್ಲಿ ಕೋಕಂ ಶರಬತ್ತಿನ ಬಾಟಲಿ ಇರೋದಿಲ್ಲ? ಅದೇ ಕೆಂಪು. ಜ್ಯಾಕ್ ರೋಸಿನ ಲೆಕ್ಕಾಚಾರ ಎರಡು ಪಾಲು ಮದ್ಯ, ಒಂದು ಪಾಲಿನ ಹತ್ತಿರ ಹುಳಿ, ಅದಕ್ಕೆ ತಕ್ಕ ಸಿಹಿ. ಅದೇ ಲೆಕ್ಕದಲ್ಲಿ ಮಾಡಿದ ಮೊದಲ ಗ್ಲಾಸು ಹಾಳು. ಕೋಕಂ ತಾನೇ ಹುಳಿ, ಅದರ ಮೇಲೆ ಲಿಂಬೆ, ಹಲ್ಲು ಚುಮ್ಮೆಂದಿತು. ಕೊನೆಗೆ ನಿಂತದ್ದು: ಗಾಢ ಗೇರುರಸ 60 ಮಿಲಿ, ಲಿಂಬೆರಸ 10, ಕೋಕಂ ಸಿರಪ್ 15, ಚಿಟಿಕೆ ಉಪ್ಪು. ಐಸಿನ ಜೊತೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ ಕೈಗೆ ಚಳಿ ಹತ್ತುವವರೆಗೆ ಕುಲುಕಬೇಕು. ಕುಲುಕೋದು ಶೋಕಿಗಲ್ಲ, ತಣ್ಣಗಾಗುವಾಗಲೇ ಐಸ್ ಸ್ವಲ್ಪ ಕರಗಿ ರಸ ಹದಕ್ಕೆ ಬರುತ್ತೆ. ಒಗರು ಒಂದೆಳೆ ಉಳಿದಿತ್ತು, ಉಳಿಯಲೂಬೇಕು. ಪೂರ್ತಿ ತೆಗೆದರೆ ಸಕ್ಕರೆನೀರು.

ಅಜ್ಜಿ ಮೊದಲು ಮೂಸಿ ನೋಡಿದ್ರು. ಆಮೇಲೆ ಕುಡಿದ್ರು. “ಉಪ್ಪು ಸಾಲದು” ಅಂದ್ರು.

ಈಗ ನಮ್ಮ ಅಭಿಪ್ರಾಯ. 2007ರಲ್ಲಿ ಕರ್ನಾಟಕ ಸಾರಾಯಿ ನಿಷೇಧಿಸಿತು. ಅದೇ ವರ್ಷ ದ್ರಾಕ್ಷಿ ವೈನಿಗೆ ಸರ್ಕಾರ ನೀತಿ ಮಾಡಿತು. ದ್ರಾಕ್ಷಿ ಬೆಳೆಯುವವನ ಹಣ್ಣಿಗೆ ಒಂದು ಕಾನೂನಿನ ದಾರಿ ಆಯ್ತು. ಗೋವಾ ತನ್ನ ಫೆನಿಗೆ 2009ರಲ್ಲಿ ಭೌಗೋಳಿಕ ಗುರುತು ಪಡೆಯಿತು, 2016ರಲ್ಲಿ ಅದನ್ನ ರಾಜ್ಯದ ಪಾರಂಪರಿಕ ಪೇಯ ಅಂತ ಘೋಷಿಸಿತು. ಗಡಿಯ ಈಚೆ ಅದೇ ಮರ, ಅದೇ ಮಣ್ಣು, ಹಣ್ಣು ಮಾತ್ರ ಕಾಲಡಿ. ನಮ್ಮವರೂ ಫೆನಿ ಇಳಿಸಲಿ ಅನ್ನೋ ವಾದ ನಮ್ಮಲ್ಲಿ ಇಬ್ಬರದ್ದು. ಹೆಸರು ಬೇರೆ ಇಡಬೇಕಾಗುತ್ತೆ, ಫೆನಿ ಅನ್ನೋ ಹೆಸರು ಗೋವಾದ್ದು, ಇರಲಿ ಅಂತಾರೆ. ಉಳಿದಿಬ್ಬರು ಅಜ್ಜಿ ಹೇಳಿದ ಮನೆಯನ್ನ ಮರೆಯೋಕೆ ತಯಾರಿಲ್ಲ. ಇದನ್ನ ಬರೆಯುವ ಹೊತ್ತಿಗೂ ಜಗಳ ಮುಗಿದಿಲ್ಲ, ಮುಗಿದಂತೆ ಬರೆದ್ರೆ ಸುಳ್ಳಾಗುತ್ತೆ.

ಆದರೆ ನಾಲ್ವರೂ ಒಪ್ಪಿದ್ದು ಒಂದಿದೆ. ಭಟ್ಟಿಯ ಪ್ರಶ್ನೆ ತೀರ್ಮಾನ ಆಗುವವರೆಗೆ ಹಣ್ಣು ಕೊಳೀಬೇಕು ಅಂತೇನಿಲ್ಲ. ಬೇಕಿರೋದು ಹಳ್ಳಿ ಮಟ್ಟದಲ್ಲಿ, ಮರದಿಂದ ಒಂದೆರಡು ಗಂಟೆಯೊಳಗೆ ಹಿಂಡಿ ತಣ್ಣಗಿಡುವ ವ್ಯವಸ್ಥೆ. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ ನಮ್ಮ ರಾಜ್ಯದಲ್ಲೇ ಇದೆ, ತಳಿಯ ಬಗ್ಗೆ, ಹಣ್ಣಿನ ಬಗ್ಗೆ ಗೊತ್ತಿರುವವರು ಅಲ್ಲಿದ್ದಾರೆ. ನಮ್ಮ ಮೆಕ್ಯಾನಿಕಲ್‌ನವರು ಪ್ರತಿ ವರ್ಷ ಫೈನಲ್ ಇಯರ್ ಪ್ರಾಜೆಕ್ಟಿಗೆ ಅದೇ ತೆಂಗಿನಕಾಯಿ ಸುಲಿಯುವ ಯಂತ್ರ ಮಾಡ್ತಾರೆ, ಸೀನಿಯರ್ ರಿಪೋರ್ಟಿನ ಮೊದಲ ಪುಟ ಬದಲಾಯಿಸಿ. ಬೀಜಕ್ಕೆ ಪೆಟ್ಟಾಗದೆ ಹಣ್ಣಿನಿಂದ ಬಿಡಿಸಿ, ರಸ ಹಿಂಡಿ, ಸೋಸುವ ಒಂದು ಸಣ್ಣ ಯಂತ್ರ, ಸ್ಕೂಟಿ ಹಿಂದೆ ಕಟ್ಟಿ ಒಯ್ಯುವಷ್ಟು. ಇದು ಪ್ರಾಜೆಕ್ಟ್ ಅಲ್ವಾ? ಎಲೆಕ್ಟ್ರಾನಿಕ್ಸ್‌ನವರು ಫ್ರೀಜರಿನಿಂದ ಯಾವ ಹನಿಗೆ ಪಾತ್ರೆ ತೆಗೀಬೇಕು ಅಂತ ಸಕ್ಕರೆ ಅಳೆದು ಹೇಳುವ ಸೆನ್ಸರ್ ಮಾಡಲಿ. ನಾವು ಕಣ್ಣಳತೆಯಲ್ಲಿ ತೆಗೆದ್ವಿ, ಒಂದು ಬಾಟಲಿ ನೀರಾಯ್ತು.

ಆವತ್ತಿನ ಎರಡು ಲೀಟರ್ ರಸ ಸುಮಾರು ಒಂದು ಲೀಟರಾಗಿ ಹಾಸ್ಟೆಲಿಗೆ ಬಂತು, ಎರಡನೇ ಮಹಡಿಯಲ್ಲೇ ಖಾಲಿ ಆಯ್ತು. ಇದರಲ್ಲಿ ಕಿಕ್ ಇಲ್ಲವಲ್ಲೋ ಅಂದವನೇ ಮೂರನೇ ಸಲ ಗ್ಲಾಸ್ ಹಿಡಿದು ಬಂದಿದ್ದ.

ಮಾರ್ಚ್ ಹೊತ್ತಿಗೆ ಮತ್ತೆ ಹಣ್ಣು ಬೀಳೋಕೆ ಶುರುವಾಗುತ್ತೆ. ಬರುವವರು ಸಂಘದ ರೂಮಿನ ಬೋರ್ಡಿನಲ್ಲಿ ಹೆಸರು ಬರೆಯಿರಿ. ಹಳೇ ಬನಿಯನ್ ಹಾಕ್ಕೊಂಡು ಬನ್ನಿ, ಗೇರುಹಣ್ಣಿನ ಕರೆ ಹತ್ತಿದ್ರೆ ಹೋಗಲ್ಲ.