ಮರವಾದ ಮೇಲೂ ಬಗ್ಗೀತು

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?’ ಎಂಬ ಗಾದೆಯನ್ನು ಹೊರನಾಡಿನ ಕನ್ನಡ ವೇದಿಕೆಗಳಲ್ಲಿ ಕೇಳದ ಪ್ರತಿನಿಧಿಗಳು ವಿರಳ. ಮಕ್ಕಳಿಗೆ ಕನ್ನಡ ಕಲಿಸುವ ಮಾತು ಬಂದಾಗಲೆಲ್ಲ ಈ ಗಾದೆಯೂ ಬೆನ್ನಹಿಂದೆಯೇ ಬರುತ್ತದೆ. ಅದರ ಫಲವಾಗಿ ನಮ್ಮ ಉತ್ಸಾಹವೆಲ್ಲ ಐದಾರು ವರ್ಷದ ಎಳೆಯರಿಗೆ ಮೀಸಲಾಗಿದೆ. ಹದಿಮೂರು ದಾಟಿದ ಹುಡುಗ ಹುಡುಗಿಯರು ಭಾನುವಾರದ ಕನ್ನಡ ಶಾಲೆಯನ್ನು ಬಿಟ್ಟಾಗ ನಾವು ಗಾದೆಯನ್ನು ಹೇಳಿ ಕೈತೊಳೆದುಕೊಳ್ಳುತ್ತೇವೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ನಂಬಿ ಬೆಳೆದವನು ನಾನು. ಆದರೂ ಮರದ ಮಟ್ಟಿಗೆ ಹೇಳುವುದಾದರೆ ಈ ಗಾದೆ ಪೂರ್ಣ ಸತ್ಯವಲ್ಲ. ಬಲಿತ ಮರವೂ ಬಗ್ಗುತ್ತದೆ. ಬಗ್ಗಿಸುವ ಕ್ರಮವನ್ನು ಅರಿತಿರಬೇಕು, ಅಷ್ಟೆ. ನನ್ನ ಗ್ಯಾರೇಜಿನಲ್ಲಿ ತಯಾರಾದ ಪ್ಲೈವುಡ್ ಕುರ್ಚಿಯೊಂದನ್ನು ಸಾಕ್ಷಿಯಾಗಿಟ್ಟುಕೊಂಡು ನಮ್ಮ ಕೂಟಗಳ ಮುಂದೆ ಒಂದು ಸಲಹೆಯನ್ನು ಇಡಬಯಸುತ್ತೇನೆ.

ಅಮೆರಿಕದಲ್ಲಿ ಇಂದು ಹವ್ಯಾಸಿಗಳು ಮನೆಯಲ್ಲಿಯೇ ಇಟ್ಟುಕೊಳ್ಳಬಹುದಾದ ಸಿ.ಎನ್.ಸಿ. ರೂಟರ್ ಎಂಬ ಯಂತ್ರವಿದೆ. ಗಣಕಯಂತ್ರದಲ್ಲಿ ಬರೆದ ನಕ್ಷೆಯನ್ನು ಅನುಸರಿಸಿ, ವೇಗವಾಗಿ ತಿರುಗುವ ಬಿಟ್ಟೊಂದು ಹಲಗೆಯ ಮೇಲೆ ಉದ್ದ, ಅಗಲ, ಆಳ ಮೂರೂ ದಿಕ್ಕುಗಳಲ್ಲಿ ಚಲಿಸಿ ಮರವನ್ನು ಕೊರೆಯುತ್ತದೆ. ಅಂಕೆಗಳಿಂದ ನಡೆಯುವ ಇಂಥ ಯಂತ್ರವನ್ನು ಎಂ.ಐ.ಟಿ.ಯಲ್ಲಿ ಪ್ರದರ್ಶಿಸಿದ್ದು 1952ರಲ್ಲಿ. ವಿಮಾನದ ಬಿಡಿಭಾಗಗಳಿಗೆಂದು ಹುಟ್ಟಿದ ವಿದ್ಯೆ ಮೇಜಿನ ಗಾತ್ರಕ್ಕಿಳಿದು ಮನೆಯೊಳಗೆ ಬರಲು ಹಲವು ದಶಕಗಳೇ ಹಿಡಿದವು.

ಈ ಯಂತ್ರದಿಂದ ಗಟ್ಟಿ ಹಲಗೆಯನ್ನು ಬಾಗುವಂತೆ ಮಾಡುವ ಉಪಾಯ ಸರಳವಾದದ್ದು. 12 ಮಿಲಿಮೀಟರ್ ದಪ್ಪದ ಬರ್ಚ್ ಪ್ಲೈವುಡ್ಡಿನಲ್ಲಿ, ಎಲ್ಲಿ ಬಾಗಬೇಕೋ ಅಲ್ಲಿ, ಒಂದರ ಪಕ್ಕ ಒಂದರಂತೆ ಉದ್ದನೆಯ ಸೀಳುಗಂಡಿಗಳನ್ನು ಕೊರೆಯಬೇಕು. ಗೋಡೆ ಕಟ್ಟುವಾಗ ಇಟ್ಟಿಗೆಯ ಸಂದಿಗಳನ್ನು ಒಂದರ ಮೇಲೊಂದು ಬಾರದಂತೆ ಜೋಡಿಸುವ ಹಾಗೆ, ಒಂದು ಸಾಲಿನ ಸೀಳು ಮುಗಿಯುವ ಕಡೆ ಪಕ್ಕದ ಸಾಲಿನ ಸೀಳಿನ ನಡುಭಾಗ ಬರಬೇಕು. ಆಗ ಸೀಳುಗಳ ನಡುವೆ ಉಳಿಯುವ ತೆಳುವಾದ ಪಟ್ಟಿಗಳು ತಾವು ಮುರಿಯದೆ ತುಸುತುಸುವೇ ತಿರುಚಿಕೊಳ್ಳುತ್ತವೆ. ಆ ತಿರುಚುಗಳೆಲ್ಲ ಕೂಡಿ ಹಲಗೆ ಬಾಗುತ್ತದೆ.

ಲೆಕ್ಕ ಹಾಕಿ ನೋಡೋಣ. ಆಸನ ಮತ್ತು ಬೆನ್ನಿನ ನಡುವೆ 200 ಮಿ.ಮೀ. ತ್ರಿಜ್ಯದಲ್ಲಿ 90 ಡಿಗ್ರಿ ಬಾಗಬೇಕೆಂದರೆ ಬಾಗುವ ಭಾಗದ ಉದ್ದ ಸುಮಾರು 314 ಮಿ.ಮೀ. ಎಂಟು ಮಿ.ಮೀ.ಗೆ ಒಂದು ಸಾಲಿನಂತೆ 39 ಸಾಲುಗಳಾಗುತ್ತವೆ. ಹಾಗಾದರೆ ಒಂದು ಸಾಲಿನ ಪಾಲಿಗೆ ಬರುವ ಬಾಗು ಸುಮಾರು 2.3 ಡಿಗ್ರಿ ಮಾತ್ರ. ಒಂದೇ ಗೆರೆಯಲ್ಲಿ 90 ಡಿಗ್ರಿ ಬಾಗು ಎಂದರೆ ಲಟಕ್ಕನೆ ಮುರಿಯುವ ಹಲಗೆ, ಅದನ್ನೇ 39 ಪಾಲು ಮಾಡಿ ಹಂಚಿದರೆ ಸದ್ದಿಲ್ಲದೆ ಒಪ್ಪಿಕೊಳ್ಳುತ್ತದೆ. ಸಾಲೊಂದಕ್ಕೆ 400 ಮಿ.ಮೀ.ಯಂತೆ ಕೊರೆತದ ಒಟ್ಟು ಉದ್ದ ಹದಿನೈದೂವರೆ ಮೀಟರಿಗೆ ತುಸು ಹೆಚ್ಚು. 3 ಮಿ.ಮೀ. ಬಿಟ್ ಒಮ್ಮೆಗೆ ತನ್ನ ದಪ್ಪದಷ್ಟೇ ಆಳ ಇಳಿಯುವುದು ಕ್ಷೇಮವಾದ್ದರಿಂದ ಅದೇ ಹಾದಿಯಲ್ಲಿ ನಾಲ್ಕು ಸಲ ನಡೆಯಬೇಕು. ನಿಮಿಷಕ್ಕೆ ಒಂದೂವರೆ ಮೀಟರ್ ವೇಗವೆಂದರೂ ಈ ಭಾಗಕ್ಕೇ ಮುಕ್ಕಾಲು ಗಂಟೆ ಬೇಕು.

ಎರಡು ಎಚ್ಚರಗಳು ಮುಖ್ಯ. ಮೊದಲನೆಯದು, ಹೊರಪದರದ ನಾರು ಪಟ್ಟಿಗಳ ಉದ್ದಕ್ಕೇ ಹರಿದಿರಬೇಕು. ನಾರು ಅಡ್ಡವಾದರೆ ಪಟ್ಟಿಗಳು ಬಿಸ್ಕತ್ತಿನಂತೆ ಮುರಿಯುತ್ತವೆ. ಎರಡನೆಯದು, ಬಾಗುವ ಹಲಗೆ ತಾನೊಂದೇ ಭಾರ ಹೊರಲಾರದು. ಇಕ್ಕೆಲಗಳಲ್ಲಿ 18 ಮಿ.ಮೀ. ಪ್ಲೈವುಡ್ಡಿನ ಗಟ್ಟಿ ಚೌಕಟ್ಟುಗಳನ್ನು ಕತ್ತರಿಸಿ, ಅವುಗಳ ಒಳಮೈಯಲ್ಲಿ ಬಾಗಿನ ಆಕಾರದ ಗಾಡಿಯನ್ನು ಕೊರೆದು, ಹಲಗೆಯ ಅಂಚುಗಳನ್ನು ಅದರಲ್ಲಿ ಕೂರಿಸಬೇಕು. 12 ಮಿ.ಮೀ. ಎಂದು ಮಾರುವ ಹಲಗೆ ಎಷ್ಟೋ ಸಲ ಅದಕ್ಕಿಂತ ತುಸು ತೆಳ್ಳಗಿರುತ್ತದೆ. ಆದ್ದರಿಂದ ಅಳೆದ ನಂತರವೇ ಗಾಡಿಯ ಅಗಲವನ್ನು ನಿರ್ಧರಿಸಬೇಕು.

ಮರವನ್ನು ಬಗ್ಗಿಸುವ ಹಂಬಲ ಹೊಸದಲ್ಲ. ವಿಯೆನ್ನಾದ ಥೋನೆಟ್ ಸಂಸ್ಥೆ 1859ರಲ್ಲಿ ಬೀಚ್ ಮರವನ್ನು ಹಬೆಯಲ್ಲಿ ಬಗ್ಗಿಸಿ ತನ್ನ 14ನೆಯ ಸಂಖ್ಯೆಯ ಕುರ್ಚಿಯನ್ನು ಮಾಡಿತು. ಫಿನ್ಲೆಂಡಿನ ಆಲ್ವಾರ್ ಆಲ್ಟೊ 1930ರ ದಶಕದ ಆರಂಭದಲ್ಲಿ ಪೈಮಿಯೋ ಕ್ಷಯರೋಗ ಆಸ್ಪತ್ರೆಗಾಗಿ ಬಾಗಿದ ಪ್ಲೈವುಡ್ಡಿನ ಕುರ್ಚಿಯನ್ನು ರೂಪಿಸಿದರು. ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು 1942ರಲ್ಲಿ ಅಮೆರಿಕದ ನೌಕಾಪಡೆಗೆ ಪ್ಲೈವುಡ್ಡಿನ ಕಾಲುಪಟ್ಟಿಗಳನ್ನು ಮಾಡಿಕೊಟ್ಟು, ಆ ಅನುಭವದಿಂದ ಮುಂದೆ ತಮ್ಮ ಪ್ರಸಿದ್ಧ ಕುರ್ಚಿಗಳನ್ನು ರಚಿಸಿದರು. ಇದೇ ದಂಪತಿಗಳು 1958ರಲ್ಲಿ ಭಾರತ ಸರ್ಕಾರಕ್ಕೆ ಸಲ್ಲಿಸಿದ ವರದಿಯಲ್ಲಿ ಮನಸಾರೆ ಮೆಚ್ಚಿ ಬರೆದದ್ದು ನಮ್ಮ ಮನೆಮನೆಯ ಚೊಂಬನ್ನು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಈ ಹಿರಿಯರ ವಿಧಾನಗಳಿಗೆಲ್ಲ ಹಬೆ, ಅಚ್ಚು ಅಥವಾ ಭಾರಿ ಒತ್ತುಯಂತ್ರಗಳು ಬೇಕಾಗಿದ್ದವು. ಸೀಳುಗಂಡಿಯ ವಿಧಾನಕ್ಕೆ ಅವು ಯಾವುವೂ ಬೇಡ.

ಇದಕ್ಕೂ ಕನ್ನಡಕ್ಕೂ ಏನು ಸಂಬಂಧವೆಂದು ಕೇಳುವವರಿಗೆ ನನ್ನ ಉತ್ತರ ಇದು. ನಮ್ಮ ಊರಿನ ಕೂಟದಲ್ಲಿ ಕನ್ನಡ ಶಾಲೆಯನ್ನು ತೊರೆದಿದ್ದ ಹದಿನಾಲ್ಕು, ಹದಿನೈದರ ವಯಸ್ಸಿನ ಐವರು ಮಕ್ಕಳು ಕೆಲವು ಶನಿವಾರ ನನ್ನ ಗ್ಯಾರೇಜಿಗೆ ಬಂದು ಈ ಕುರ್ಚಿಯನ್ನು ಮಾಡಿದರು. ಯಂತ್ರದ ಭಾಗಗಳಿಗೆ ಇಂಗ್ಲಿಷ್ ಹೆಸರು, ಕೆಲಸಕ್ಕೆ ಕನ್ನಡ ಕ್ರಿಯಾಪದ ಎಂಬುದೊಂದೇ ನಿಯಮ. ಕೊರೆ, ಕೆತ್ತು, ಹೆರೆ, ಕೀಸು, ಉಜ್ಜು, ಬೆಸೆ, ಒತ್ತು, ಸವರು ಎಂಬ ಮಾತುಗಳು ದಿನಕ್ಕೆ ಹತ್ತಾರು ಸಲ ಬೇಕಾದವು. ಮೊದಲು ಕತ್ತರಿಸಿದ ತುಂಡನ್ನು ಬಗ್ಗಿಸುವಾಗ ಚಿಟ್ ಎಂಬ ಸದ್ದಾಯಿತು. ಒಬ್ಬ ಹುಡುಗ, “ಅಂಕಲ್, ಇದು ಮುರೀತಾ, ಸೀಳ್ತಾ?” ಎಂದ. ಪಕ್ಕದಲ್ಲಿದ್ದ ಹುಡುಗಿ ಬೆರಳಾಡಿಸಿ ನೋಡಿ, “ಎರಡೂ ಅಲ್ಲ, ಬಿರುಕು ಬಿಟ್ಟಿದೆ ಅಷ್ಟೆ” ಎಂದಳು. ಮುರಿ, ಸೀಳು, ಬಿರಿ, ಒಡೆ ಇವುಗಳ ಅಂತರವನ್ನು ಯಾವ ಪಠ್ಯಪುಸ್ತಕವೂ ಅಷ್ಟು ಬೇಗ ಕಲಿಸಲಾರದು. ಮಕ್ಕಳನ್ನು ಕರೆದೊಯ್ಯಲು ಬಂದ ಮೈಸೂರಿನವರೊಬ್ಬರು ಹತ್ತರಿ ಎಂದರೆ ಧಾರವಾಡದವರು ಅದಕ್ಕೆ ರಂದ ಎಂದರು. ಹಿರಿಯರ ಆ ಚರ್ಚೆಯನ್ನು ಮಕ್ಕಳು ನಗುತ್ತ ಆಲಿಸಿದರು. ಅಂದು ಅಲ್ಲಿ ಯಾರೂ ಯಾರಿಗೂ ಕನ್ನಡದಲ್ಲಿ ಮಾತಾಡು ಎಂದು ಹೇಳಲಿಲ್ಲ.

ಈ ವಯಸ್ಸಿನವರಿಗೆ ನಾವು ಈವರೆಗೆ ಕೊಡುತ್ತ ಬಂದಿರುವುದಾದರೂ ಏನು? ಎಳೆಯರ ಪದ್ಯಗಳು, ಇಲ್ಲವೇ ಹಿರಿಯರ ಭಾಷಣಗಳು. ಅವರ ಬುದ್ಧಿಗೆ ಮತ್ತು ಕೈಗೆ ಸಮನಾದ ಕೆಲಸವನ್ನು ಕನ್ನಡದಲ್ಲಿ ಕೊಟ್ಟಿಲ್ಲ. ಇದರ ಹಿಂದೆ ನಮ್ಮದೇ ಒಂದು ಹಳೆಯ ದೌರ್ಬಲ್ಯವೂ ಇದೆ. ಬಾಗಿಲ ಕೆತ್ತನೆಯನ್ನು ಮೆಚ್ಚಿ ಬಡಗಿಗೆ ವೀಳ್ಯ ಕೊಟ್ಟ ಮನೆತನಗಳು ನಮ್ಮವು. ಆದರೆ ಮಗನ ಕೈಗೆ ಉಳಿ ಕೊಟ್ಟವರು ಎಷ್ಟು ಮಂದಿ? ಸಾಗರ, ಸೊರಬಗಳ ಗುಡಿಗಾರರ ಗಂಧದ ಕೆತ್ತನೆಯನ್ನೂ ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳನ್ನೂ ನಮ್ಮ ಬೈಠಕ್ಖಾನೆಯ ಗಾಜಿನ ಬೀರುವಿನಲ್ಲಿ ಇಡುತ್ತೇವೆ. ಅವುಗಳನ್ನು ಮಾಡುವಾಗ ಆಡುವ ಮಾತುಗಳನ್ನು ಕಳೆದುಕೊಂಡಿದ್ದೇವೆ. ಭಾಷೆಯೊಂದು ಅಡುಗೆಮನೆಗೂ ಹಬ್ಬಕ್ಕೂ ಸೀಮಿತವಾದರೆ, ಅದು ತನಗೆ ತಕ್ಕದ್ದಲ್ಲವೆಂದು ಹದಿಹರೆಯದ ಮಗು ತೀರ್ಮಾನಿಸುವುದರಲ್ಲಿ ಆಶ್ಚರ್ಯವಿಲ್ಲ.

ಆಕ್ಷೇಪಣೆಗಳೂ ಉಂಟು. ಯಂತ್ರ ಅಪಾಯಕರವಲ್ಲವೇ ಎನ್ನುವವರ ಮಾತು ಸರಿಯಾದದ್ದೇ. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷೆ, ಮೂಗಿಗೆ ಮುಸುಕು, ಧೂಳು ಹೀರುವ ವ್ಯವಸ್ಥೆ ಇಲ್ಲದೆ ಯಂತ್ರದ ಗುಂಡಿಯನ್ನು ಒತ್ತಲೇಬಾರದು. ಮರದ ಧೂಳು ಕ್ಯಾನ್ಸರ್‌ಕಾರಕವೆಂಬ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯ ನಿರ್ಣಯ 1995ರಲ್ಲಿಯೇ ಪ್ರಕಟವಾಗಿದೆ. ತಿರುಗುವ ಬಿಟ್ಟಿನ ಬಳಿ ಹಿರಿಯರೊಬ್ಬರು ಸದಾ ನಿಂತಿರಬೇಕು. ಖರ್ಚಿನ ಮಾತಿಗೆ ಬಂದರೆ, ಪ್ರತಿ ಮನೆಗೂ ಯಂತ್ರ ಬೇಕಾಗಿಲ್ಲ. ಈ ದೇಶದ ಅನೇಕ ಊರುಗಳಲ್ಲಿ ಸಾರ್ವಜನಿಕ ಕಾರ್ಯಾಗಾರಗಳಿವೆ, ಮತ್ತು ನಮ್ಮ ಕೂಟಗಳಲ್ಲಿ ಇಂಜಿನಿಯರುಗಳಿಗೆ ಎಂದೂ ಬರವಿಲ್ಲ.

ಇನ್ನೆರಡು ವರ್ಷಕ್ಕೆ ಮತ್ತೆ ಸಮ್ಮೇಳನ ನಡೆಯುತ್ತದೆ. ಭೋಜನಶಾಲೆ ಮತ್ತು ರಂಗಮಂಟಪದ ಜೊತೆಗೆ ಒಂದು ಕೋಣೆಯನ್ನು ಹದಿಹರೆಯದವರ ಕೈಗೆಲಸಕ್ಕೆ ಬಿಟ್ಟುಕೊಡಬೇಕೆಂಬುದು ಸಂಘಟಕರಲ್ಲಿ ನನ್ನ ವಿನಂತಿ. ಬಿಡಿಭಾಗಗಳನ್ನು ಆಯಾ ಊರುಗಳಲ್ಲಿಯೇ ಕೊರೆದು ತರಲಿ. ಉಜ್ಜುವುದು, ಬಗ್ಗಿಸುವುದು, ಬೆಸೆಯುವುದು ಸಮ್ಮೇಳನದಲ್ಲಿ ನಡೆಯಲಿ. ಕೆಲಸದ ಮಾತು ಕನ್ನಡದಲ್ಲಿರಲಿ. ಸಮಾರೋಪದ ದಿನ ವೇದಿಕೆಯ ಮೇಲಿನ ಅತಿಥಿಗಳು ಆ ಕುರ್ಚಿಗಳ ಮೇಲೆಯೇ ಕುಳಿತುಕೊಳ್ಳಲಿ. ತಾವು ಮಾಡಿದ ಕುರ್ಚಿ ಭಾರ ತಡೆಯುತ್ತದೆಯೇ ಎಂದು ನೋಡಲಿಕ್ಕಾದರೂ ಆ ಮಕ್ಕಳು ಸಭೆಯಲ್ಲಿ ಕೊನೆಯವರೆಗೆ ಕುಳಿತಿರುತ್ತಾರೆ.