ಹೊಸಬರಿಗೆ ಬ್ರೂಹಾನೇ ಬೆಸ್ಟ್ ಅಂತೆ... ಯಾರು ಸ್ವಾಮೀ ಹೇಳಿದ್ದು?

ಗೇಮ್ ಆಡುವವರ ಮಧ್ಯೆ ಒಂದು ವೇದವಾಕ್ಯ ಇದೆ. "ವ್ಯಾಂಪೈರ್: ದಿ ಮಾಸ್ಕರೇಡ್ - ಬ್ಲಡ್‌ಲೈನ್ಸ್" ಮೊದಲ ಸಲ ಆಡ್ತಿದ್ದೀಯಾ? ಕಣ್ಣು ಮುಚ್ಕೊಂಡು ಬ್ರೂಹಾ ತಗೋ, ಬ್ರಾಲ್‌ಗೋ ಮೆಲೀಗೋ ಪಾಯಿಂಟ್ ಸುರಿ, ಸಿಕ್ಕವರನ್ನೆಲ್ಲ ಚಚ್ಚು. ಟ್ರೆಮಿಯರ್ ಮಂತ್ರವಾದಿಗಳ ಕುಲ, ಅದು ಕಷ್ಟ, ಆಮೇಲೆ ನೋಡ್ಕೊಳ್ಳುವಂತೆ. ನಾಸ್ಫೆರಾಟು ಹತ್ತಿರಕ್ಕೂ ಹೋಗಬೇಡ. ಇಷ್ಟನ್ನು ಹೇಳಿ ಮುಗಿಸಿ, ಏನೋ ದೊಡ್ಡ ಉಪಕಾರ ಮಾಡಿದವರ ಹಾಗೆ ಮುಖ ಮಾಡ್ತಾರೆ.

ಈ ಸಲಹೆ ತಪ್ಪು. ಸ್ವಲ್ಪ ತಪ್ಪಲ್ಲ, ಬುಡದಿಂದಲೇ ತಪ್ಪು. ಯಾಕೆ ಅಂತ ಇವತ್ತು ಹೇಳಿಯೇ ಬಿಡ್ತೀನಿ. ಬೈಯುವವರು ಪೂರ್ತಿ ಓದಿ ಆಮೇಲೆ ಬೈಯಿರಿ :-)

ಗೊತ್ತಿಲ್ಲದವರಿಗೆ ಎರಡು ಮಾತು. 2004ರ ನವೆಂಬರ್ 16ರಂದು ಬಂದ ಆಟ ಇದು, ಮಾಡಿದ್ದು ಟ್ರೊಯಿಕಾ ಗೇಮ್ಸ್ ಅನ್ನುವ ಪುಟ್ಟ ಕಂಪನಿ. ಅದೇ ದಿನ ಹಾಫ್-ಲೈಫ್ 2 ಕೂಡ ಬಿಡುಗಡೆ ಆಯ್ತು. ಎರಡಕ್ಕೂ ಒಂದೇ ಸೋರ್ಸ್ ಎಂಜಿನ್! ಆನೆ ಪಕ್ಕದಲ್ಲಿ ಆಡಿನ ಮರಿ ನಿಂತ ಹಾಗೆ. 2005ರ ಫೆಬ್ರವರಿಯಲ್ಲಿ ಟ್ರೊಯಿಕಾ ಬಾಗಿಲು ಹಾಕಿತು. ಆಟ ಮಾತ್ರ ಸಾಯಲಿಲ್ಲ. ಲಾಸ್ ಏಂಜಲೀಸ್‌ನ ರಾತ್ರಿಗಳಲ್ಲಿ, ಸಾಂಟಾ ಮೋನಿಕಾದಿಂದ ಹಿಡಿದು ಡೌನ್‌ಟೌನ್, ಹಾಲಿವುಡ್, ಚೈನಾಟೌನ್‌ವರೆಗೆ, ಆಗಷ್ಟೇ ರಕ್ತಪಿಶಾಚಿಯಾದ ಒಬ್ಬ ಅನಾಮಿಕನಾಗಿ ನೀವು ತಿರುಗ್ತೀರಿ. ಏಳು ಕುಲಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು, ಕ್ಯಾರೆಕ್ಟರ್ ಶೀಟಿನಲ್ಲಿ ಚುಕ್ಕೆಗಳನ್ನು ತುಂಬಬೇಕು. ತಲೆ ಕೆಡುವುದು ಅಲ್ಲೇ.

ಈಗ ವಿಷಯಕ್ಕೆ ಬರೋಣ. "ಬ್ರೂಹಾ ಸುಲಭ" ಅಂತಾರಲ್ಲ, ಯಾರಿಗೆ ಸುಲಭ? ಇಷ್ಟರಲ್ಲಾಗಲೇ ಹತ್ತು ಶೂಟರ್ ಗೇಮ್ ಆಡಿ ಮುಗಿಸಿದ ಹುಡುಗನಿಗೆ. ಅವನ ಎಡಗೈ ತಾನಾಗಿಯೇ ಡಬ್ಲ್ಯೂ-ಎ-ಎಸ್-ಡಿ ಮೇಲೆ ಕೂರುತ್ತೆ, ಬಲಗೈ ತಾನಾಗಿಯೇ ಮೌಸ್ ತಿರುಗಿಸುತ್ತೆ. ಅವನನ್ನು ಹೊಸಬ ಅಂತ ಕರೆಯೋದೇ ತಮಾಷೆ. ನಿಜವಾದ ಹೊಸಬರು ಯಾರು ಹೇಳಿ? ನಡೆಯೋದು ಒಂದು ಕೈ, ನೋಡೋದು ಇನ್ನೊಂದು ಕೈ ಅನ್ನುವುದನ್ನೇ ಮೊದಲ ಬಾರಿ ಕಲಿಯುವವರು. ಅವರು ಸೋಲುವುದೇ ಹೊಡೆದಾಟದಲ್ಲಿ. ಅಂಥವರ ಕೈಗೆ ಹೊಡೆದಾಟವನ್ನೇ ಕೊಟ್ಟು "ಇದು ನಿನಗೆ ಸುಲಭ" ಅನ್ನೋದು, ಈಜು ಬಾರದವನನ್ನು ಬಾವಿಗೆ ತಳ್ಳಿ "ನೀರು ತಣ್ಣಗಿದೆ, ಹೆದರಬೇಡ" ಅಂದ ಹಾಗೆ.

ನನ್ನ ಚಿಕ್ಕಮ್ಮನ ಮಗಳಿಗೆ ಆಗಿದ್ದು ಇದೇ. ತೇಜಸ್ವಿ ಪುಸ್ತಕ ಕೈಗೆ ಸಿಕ್ಕರೆ ಊಟ ಮರೆಯುವವಳು. ಈ ಆಟದ ಸಂಭಾಷಣೆಗಳ ಬಗ್ಗೆ ಎಲ್ಲೋ ಓದಿ ಆಸೆಪಟ್ಟು ಇನ್‌ಸ್ಟಾಲ್ ಮಾಡಿಕೊಂಡಳು. ಅವಳ ಕಾಲೇಜಿನ ಪರಿಣಿತರು ಯಥಾಪ್ರಕಾರ ಬ್ರೂಹಾ ಬರೆಸಿ, ಪೂರಾ ಎಕ್ಸೆಲ್ ಶೀಟೇ ಮಾಡಿ ಕೊಟ್ಟಿದ್ದರು. ಎಷ್ಟನೇ ಗಂಟೆಗೆ ಯಾವ ಚುಕ್ಕೆ ಅಂತ! ಮೂರು ಸಂಜೆ ಆಡಿದಳು. ನಾಲ್ಕನೇ ದಿನ ಫೋನ್ ಮಾಡಿ, "ಏನಣ್ಣಾ ಇದು, ಮಾತಾಡೋಕೆ ಹೋದ್ರೆ ಒಳ್ಳೆ ಉತ್ತರಾನೇ ಬರಲ್ಲ, ಬರೀ ಗುದ್ದಾಟ. ಇದಕ್ಕಾ ನೀವೆಲ್ಲ ಇಷ್ಟು ಕುಣಿಯೋದು?" ಅಂದಳು. ಡಿಲೀಟ್ ಮಾಡಿ ಆಗಿತ್ತು. ಆಟಕ್ಕೆ ಸಿಗಬಹುದಾಗಿದ್ದ ಅತ್ಯುತ್ತಮ ಓದುಗಳೊಬ್ಬಳನ್ನು ಓಡಿಸಿದ್ದು ಆಟವಲ್ಲ, ಆ ಎಕ್ಸೆಲ್ ಶೀಟು. ನನಗೆ ಸಿಟ್ಟು ಬರೋದು ಇಲ್ಲೇ.

ಅವಳಿಗೆ ಒಳ್ಳೆ ಉತ್ತರ ಯಾಕೆ ಬರಲಿಲ್ಲ? ಲೆಕ್ಕ ಸರಳ. ಈ ಆಟದಲ್ಲಿ ಪ್ರತಿ ಕೆಲಸವೂ ಒಂದು ಗುಣ ಮತ್ತು ಒಂದು ವಿದ್ಯೆ ಕೂಡಿದ ಮೊತ್ತ. ಗುದ್ದಬೇಕಾದರೆ ಸ್ಟ್ರೆಂತ್ ಜೊತೆ ಬ್ರಾಲ್. ಕಂಪ್ಯೂಟರ್ ಒಡೆಯಬೇಕಾದರೆ ವಿಟ್ಸ್ ಜೊತೆ ಕಂಪ್ಯೂಟರ್. ಒಪ್ಪಿಸಬೇಕಾದರೆ ಕರಿಸ್ಮಾ ಜೊತೆ ಸ್ಕಾಲರ್‌ಶಿಪ್. ಒಂದೊಂದರಲ್ಲಿ ಐದು ಚುಕ್ಕೆ, ಮೊತ್ತ ಹತ್ತು. ಮುಂದಿನ ಚುಕ್ಕೆ ಹಿಂದಿನದಕ್ಕಿಂತ ದುಬಾರಿ. ಎಲ್ಲವನ್ನೂ ಮುಷ್ಟಿಗೆ ಹಾಕಿದರೆ ನಾಲಿಗೆಗೆ ಏನುಳಿಯುತ್ತೆ? ಇನ್ನೂ ಮುಖ್ಯ ಸಂಗತಿ ಕೇಳಿ: ಇಲ್ಲಿ ಶತ್ರುವನ್ನು ಕೊಂದರೆ ಎಕ್ಸ್‌ಪೀರಿಯನ್ಸ್ ಪಾಯಿಂಟ್ ಸಿಗೋದಿಲ್ಲ. ಒಪ್ಪಿಕೊಂಡ ಕೆಲಸ ಮುಗಿಸಿದರೆ ಸಿಗುತ್ತೆ. ಇಪ್ಪತ್ತು ಜನರನ್ನು ಬಡಿದು ಹಾಕಿದ್ದಕ್ಕೆ ಕೂಲಿ ಸೊನ್ನೆ! ಬೇರೆ ಆರ್‌ಪಿಜಿಗಳ ಅಭ್ಯಾಸವನ್ನು ಇಲ್ಲಿಗೆ ಹೊತ್ತು ತಂದವರಿಗೆ ಇದು ಇನ್ನೂ ತಲೆಗೆ ಹೋಗಿಲ್ಲ.

ಸಾಲದ್ದಕ್ಕೆ ಬ್ರೂಹಾ ಕುಲದ ಶಾಪವೇ ಸಿಟ್ಟು. ರಕ್ತ ಕಡಿಮೆಯಾದರೆ ಬೇರೆಯವರಿಗಿಂತ ಬೇಗ ಫ್ರೆಂಜಿ ಹತ್ತುತ್ತೆ, ಪಾತ್ರ ನಿಮ್ಮ ಕೈ ತಪ್ಪುತ್ತೆ, ಬೀದಿಯಲ್ಲಿ ಸಿಕ್ಕವರ ಕತ್ತಿಗೆ ಬಾಯಿ ಹಾಕುತ್ತೆ. ಜನ ನೋಡಿದರೆ ಮಾಸ್ಕರೇಡ್ ಉಲ್ಲಂಘನೆ. ಅಂಥವು ಐದಾದರೆ ಆಟ ಮುಗೀತು. ರಕ್ತದ ಲೆಕ್ಕ ಇಡಲು ಇನ್ನೂ ಕಲಿಯದವರಿಗೆ ಈ ಕುಲವಂತೆ! ಬಂದೂಕು ಹಿಡಿ ಅನ್ನುವವರ ಕಥೆ ಇನ್ನೂ ಚೆಂದ. ಆರಂಭದಲ್ಲಿ ಫೈರ್‌ಆರ್ಮ್ಸ್ ಚುಕ್ಕೆ ಕಡಿಮೆ ಇರುವಾಗ ಗುರಿ ಹೇಗೆ ಅಲ್ಲಾಡುತ್ತೆ ಅಂದರೆ, ಕಲ್ಲು ಎಸೆಯೋದೇ ವಾಸಿ ಅನ್ನಿಸುತ್ತೆ.

ಹಾಗಾದರೆ ನೀನೇ ಹೇಳಪ್ಪಾ ಅಂತೀರಾ? ಹೇಳ್ತೀನಿ. ಟ್ರೆಮಿಯರ್.

ಹೌದು, ಆ "ಕಷ್ಟದ" ಮಂತ್ರವಾದಿಗಳೇ. ಬೇರೆ ಆಟಗಳಲ್ಲಿ ಮಾಂತ್ರಿಕ ಅಂದರೆ ನೂರೆಂಟು ಮಂತ್ರ, ಮುಟ್ಟಿದರೆ ಸಾಯುವ ಮೈ. ಅದನ್ನು ನೋಡಿ ನೋಡಿ ಇಲ್ಲೂ ಹಾಗೇ ಅಂದುಕೊಂಡಿದ್ದಾರೆ ಅಷ್ಟೆ. ಇಲ್ಲಿ ಉಲ್ಟಾ. ಥಾಮಟರ್ಜಿಯ ಮೊದಲ ಶಕ್ತಿ ಬ್ಲಡ್ ಸ್ಟ್ರೈಕ್ ತಾನೇ ಹೋಗಿ ಶತ್ರುವಿಗೆ ಬಡಿಯುತ್ತೆ, ಬರುವಾಗ ಅವನ ರಕ್ತವನ್ನೂ ನಿಮಗೆ ತಂದು ಕೊಡುತ್ತೆ. ಗುರಿ ಹಿಡಿಯುವ ನಿಖರತೆ ಬೇಡ, ಬ್ರಾಲ್ ಬೇಡ, ಬಂದೂಕಿನ ವಿದ್ಯೆ ಬೇಡ. ಮೂರನೆಯ ಚುಕ್ಕೆಗೆ ಪೆಟ್ಟು ತಡೆಯುವ ರಕ್ತದ ಕವಚ. ಹೊಡೆದಾಟದ ಖರ್ಚೆಲ್ಲ ಒಂದೇ ಖಾತೆಗೆ ಬಿತ್ತು ನೋಡಿ! ಉಳಿದ ಚುಕ್ಕೆಗಳನ್ನು ಮಾತಿಗೆ, ಬೀಗಕ್ಕೆ, ಕಂಪ್ಯೂಟರಿಗೆ ಧಾರಾಳವಾಗಿ ಹಾಕಬಹುದು. ಡಾಮಿನೇಟ್ ಇರೋದರಿಂದ ಸಂಭಾಷಣೆಯಲ್ಲಿ ಬೇರೆಯವರಿಗೆ ಕಾಣದ ಸಾಲುಗಳು ಕಾಣುತ್ತವೆ. ಆಸ್ಪೆಕ್ಸ್ ಹಾಕಿದರೆ ಗೋಡೆಯಾಚೆ ಯಾರು ನಿಂತಿದ್ದಾರೆ ಅಂತ ಬಣ್ಣದಲ್ಲಿ ಕಾಣುತ್ತೆ, ಜೊತೆಗೆ ವಿಟ್ಸ್ ಏರುವುದರಿಂದ ಹ್ಯಾಕಿಂಗೂ ಸಲೀಸು. (ಈ ಆಟದ ಕಂಪ್ಯೂಟರುಗಳಲ್ಲಿ ಕಪ್ಪು ಪರದೆಯ ಮೇಲೆ ನಾವೇ ಕಮಾಂಡ್ ಟೈಪ್ ಮಾಡಬೇಕು. ಕಂಟ್ರೋಲ್-ಸಿ ಒತ್ತಿದರೆ ಪಾಸ್‌ವರ್ಡ್ ಒಡೆಯುತ್ತೆ. ದಿನವಿಡೀ ಆಫೀಸಿನಲ್ಲಿ ಅದನ್ನೇ ಒತ್ತುವ ನನಗೆ ಒಂದು ದಿನವೂ ಏನೂ ಒಡೆದಿಲ್ಲ, ಪ್ರೊಡಕ್ಷನ್ ಸರ್ವರ್ ಬಿಟ್ಟು.)

ಟ್ರೆಮಿಯರ್‌ಗೆ ದೈಹಿಕ ಗುಣಗಳಲ್ಲಿ ಮಿತಿ ಇದೆ, ನಿಜ. ಹೊಡೆಯಲು ಕೈಯನ್ನೇ ಬಳಸದವನಿಗೆ ಆ ಮಿತಿಯಿಂದ ಏನು ನಷ್ಟ?

ಇನ್ನೊಂದು ಪಂಗಡ ಇದೆ. "ಹೊಡೆದಾಟವೇ ಬೇಡ, ಬರೀ ಮಾತಿನ ಪಾತ್ರ ಕಟ್ಟು, ಅದೇ ನಿಜವಾದ ಆರ್‌ಪಿಜಿ" ಅನ್ನುವ ಪರಿಶುದ್ಧರು. ಇವರು ಬ್ರೂಹಾ ಭಕ್ತರಿಗಿಂತ ಅಪಾಯಕಾರಿ, ಯಾಕೆಂದರೆ ಮೊದಲ ಅರ್ಧಕ್ಕೆ ಇವರು ಹೇಳಿದ್ದು ಸರಿಯಾಗಿಯೇ ಇರುತ್ತೆ. ಸಾಂಟಾ ಮೋನಿಕಾದಲ್ಲಿ ಮಾತಿಗೆ ಬೆಲೆ ಇದೆ. ಓಷನ್ ಹೌಸ್ ಹೋಟೆಲಿನಲ್ಲಂತೂ ಹೊಡೆಯಲು ಯಾರೂ ಇಲ್ಲ, ಹೆದರಿಕೆ ಮಾತ್ರ. ರಾತ್ರಿ ಲೈಟ್ ಆರಿಸಿ ಹೆಡ್‌ಫೋನ್ ಹಾಕಿಕೊಂಡು ಆಡಿ ನೋಡಿ, ಆಮೇಲೆ ಬಾತ್‌ರೂಮಿಗೆ ಹೋಗಲು ಜೊತೆ ಬೇಕಾಗುತ್ತೆ! ಆದರೆ ಹಾಲಿವುಡ್‌ನ ಚರಂಡಿಗಳಿಗೆ ಇಳಿದ ಮೇಲೆ? ಅಲ್ಲಿನ ಜಂತುಗಳಿಗೆ ಕರಿಸ್ಮಾ ಗೊತ್ತಿಲ್ಲ. ಹ್ಯಾಲೋಬ್ರೂಕ್ ಹೋಟೆಲಿನ ಸಬ್ಬಾಟ್ ಗುಂಪಿಗೂ ಗೊತ್ತಿಲ್ಲ. ಕೊನೆಯ ಮೂರನೇ ಒಂದು ಭಾಗ ಹೆಚ್ಚುಕಮ್ಮಿ ಒಂದೇ ಸಮನೆ ಯುದ್ಧ. ಇದು ಆಟದ ದೋಷ, ಅದನ್ನು ಪ್ರೀತಿಸುವ ನಾನೇ ಹೇಳ್ತಿದ್ದೀನಿ. ಆದರೆ ಆ ದೋಷ ಅಲ್ಲಿದೆ ಅಂತ ಗೊತ್ತಿದ್ದೂ ಹೊಸಬರಿಗೆ ಹೇಳದೆ ಬಿಡೋದು ಯಾವ ನ್ಯಾಯ? ಹದಿನೈದು ಇಪ್ಪತ್ತು ಗಂಟೆ ಕಟ್ಟಿಕೊಂಡು ಬಂದ ಪಾತ್ರ ಒಂದು ಚರಂಡಿಯಲ್ಲಿ ಸಿಕ್ಕಿಹಾಕಿಕೊಂಡರೆ ಆ ಗಂಟೆಗಳನ್ನು ಯಾರು ವಾಪಸ್ ಕೊಡ್ತಾರೆ?

ಮಾಲ್ಕೇವಿಯನ್ ಬಗ್ಗೆ ಮಾತ್ರ ಪರಿಣಿತರ ಜೊತೆ ನನ್ನ ಸಹಮತ ಇದೆ, ಆದರೆ ಕಾರಣ ಬೇರೆ. ಅದು ಕಷ್ಟ ಅಂತಲ್ಲ. ಆ ಹುಚ್ಚರ ಸಂಭಾಷಣೆಗಳನ್ನು ಪೂರ್ತಿ ಬೇರೆಯಾಗಿ ಬರೆದಿದ್ದಾರೆ, ರಸ್ತೆಯ ಸ್ಟಾಪ್ ಬೋರ್ಡ್ ಜೊತೆ ಜಗಳ ಆಡುವುದೂ ಅದರಲ್ಲಿದೆ. ಒಗಟಿನಂಥ ಆ ಮಾತುಗಳಲ್ಲಿ ಮುಂದಿನ ಕಥೆಯ ಗುಟ್ಟುಗಳು ಅಡಗಿವೆ. ಕಥೆ ಗೊತ್ತಿರುವವರಿಗೆ ಅದು ಹಬ್ಬ. ಮೊದಲ ಸಲ ಬಂದವರಿಗೆ ಜೋಕ್ ಅರ್ಥವಾಗೋದಿಲ್ಲ ಅಷ್ಟೆ. ನಾಸ್ಫೆರಾಟುವನ್ನು ಬೇಡ ಅನ್ನೋದು ಮಾತ್ರ ನನಗೆ ಒಪ್ಪಿಗೆ ಇಲ್ಲ. ಜನರ ಕಣ್ಣಿಗೆ ಬೀಳದೆ ಚರಂಡಿಯಲ್ಲೇ ಓಡಾಡಿ, ಇಲಿ ಹಿಡಿದು ಬದುಕುವ ಆಟ ಬೇಕು ಅಂತ ಒಬ್ಬರಿಗೆ ಅನ್ನಿಸಿದರೆ, ಬೇಡ ಅನ್ನಲು ನೀವ್ಯಾರು?

ಇದರ ಕೊನೆ ಎಲ್ಲಿಗೆ ಬಂತು ಗೊತ್ತಾ? 2025ರ ಅಕ್ಟೋಬರ್‌ನಲ್ಲಿ ಬ್ಲಡ್‌ಲೈನ್ಸ್ 2 ಬಂತು. ಅದರಲ್ಲಿ ಆ ಚುಕ್ಕೆಗಳ ಶೀಟೇ ಇಲ್ಲ. ಪಾತ್ರವನ್ನೂ ಅವರೇ ಕೊಡ್ತಾರೆ, ಫೈರ್ ಅಂತ ಹೆಸರೂ ಇಟ್ಟು. ತಪ್ಪು ಆರಿಸುವ ಅವಕಾಶವೇ ಇಲ್ಲ. "ಹೊಸಬರಿಗೆ ಗೊತ್ತಾಗಲ್ಲ" ಅಂತ ವರ್ಷಗಟ್ಟಲೆ ಹೇಳಿದವರೇ ಈಗ ಅದನ್ನು ನೋಡಿ "ಅಯ್ಯೋ, ಆಯ್ಕೆ ಎಲ್ಲಿ ಹೋಯ್ತು" ಅಂತ ಅಳ್ತಿದ್ದಾರೆ!

ಆಡುವ ಮನಸ್ಸಿರುವವರು ಮೊದಲು ಅನ್‌ಅಫಿಶಿಯಲ್ ಪ್ಯಾಚ್ ಹಾಕಿಕೊಳ್ಳಿ. ಟ್ರೊಯಿಕಾ ಮುಚ್ಚಿದ ಮೇಲೆ ಜರ್ಮನಿಯ ವರ್ನರ್ ಸ್ಪಾಲ್ ವರ್ಷಗಟ್ಟಲೆ ಕೂತು ರಿಪೇರಿ ಮಾಡಿದ್ದು ಅದು. ಮೊದಲ ಸಲಕ್ಕೆ ಅದರ ಬೇಸಿಕ್ ಆವೃತ್ತಿ ಸಾಕು. ಆಮೇಲೆ ಟ್ರೆಮಿಯರ್, ಥಾಮಟರ್ಜಿಗೆ ಮೊದಲ ಆದ್ಯತೆ, ಪರ್ಸುಯೇಷನ್‌ಗೆ ಎರಡನೆಯದು. ಹಾಲಿವುಡ್ ತಲುಪುವ ಹೊತ್ತಿಗೆ ರಕ್ತಕವಚ ಬಂದಿರಲಿ.

ಚಿಕ್ಕಮ್ಮನ ಮಗಳಿಗೂ ಇಷ್ಟನ್ನೇ ಬರೆದು ಕಳಿಸಿದ್ದೀನಿ. "ನೋಡೋಣ ಅಣ್ಣ, ಸೆಮಿಸ್ಟರ್ ಮುಗೀಲಿ" ಅಂದಿದ್ದಾಳೆ. ಬ್ರೂಹಾ ಭಕ್ತರಿಗೆ ಕಾಮೆಂಟ್ ಬಾಕ್ಸ್ ಕೆಳಗೇ ಇದೆ, ಬನ್ನಿ :-)