ಮನೆಶಾಲೆ ಇರಲಿ, ಹೆಸರು ದಾಖಲಾಗಲಿ

ಶಿಕ್ಷಣ ಹಕ್ಕು ಕಾಯ್ದೆಯ ಹತ್ತನೇ ಕಲಮು ತಂದೆತಾಯಿಗೆ ಹೇಳುವುದು ಇಷ್ಟೇ: ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸಿ. ಸೇರಿಸದಿದ್ದರೆ ಏನು ಶಿಕ್ಷೆ ಎಂಬ ಬಗ್ಗೆ ಕಾಯ್ದೆಯಲ್ಲಿ ಒಂದಕ್ಷರವೂ ಇಲ್ಲ. ಅದು ಜಾರಿಗೆ ಬಂದ 2010ರಿಂದಲೂ ನಮ್ಮ ಮನೆಶಾಲೆಗಳು ಬದುಕಿರುವುದು ಈ ಸಂದಿಯಲ್ಲೇ. 2012ರಲ್ಲಿ ಕೇಂದ್ರ ಸರ್ಕಾರವೇ ದೆಹಲಿ ಹೈಕೋರ್ಟಿಗೆ, ಸ್ವಇಚ್ಛೆಯಿಂದ ಮನೆಯಲ್ಲಿ ಕಲಿಸುವವರಿಗೆ ಕಾಯ್ದೆ ಅಡ್ಡಿಯಾಗದು ಎಂದು ಬರೆದುಕೊಟ್ಟು, ಆಮೇಲೆ ಆ ಮಾತಿನಿಂದ ಹಿಂದೆ ಸರಿಯಿತು. ಹೋಮ್‌ಸ್ಕೂಲಿಂಗ್ ಕಾನೂನುಬದ್ಧವೇ ಎಂದು ಇವತ್ತು ಕೇಳಿದರೂ ನೇರ ಉತ್ತರ ಸಿಗುವುದಿಲ್ಲ.

ಈ ಗೊಂದಲ ಎಷ್ಟೋ ಮನೆಶಾಲೆ ಪೋಷಕರಿಗೆ ಹಿತವಾಗಿಯೇ ಇದೆ. ಇಲಾಖೆಯ ಕಣ್ಣಿಗೆ ಬೀಳದಿದ್ದರೆ ಸಾಕು ಎನ್ನುತ್ತಾರೆ. ನನ್ನ ತಕರಾರು ಇರುವುದು ಅಲ್ಲಿ, ಅವರ ಕಲಿಸುವಿಕೆಯಲ್ಲಿ ಅಲ್ಲ.

ಚೆನ್ನಾಗಿ ನಡೆಯುವ ಮನೆಶಾಲೆಯನ್ನು ನೋಡಿದವರಿಗೆ ಹೊಟ್ಟೆಕಿಚ್ಚಾಗಬೇಕು. ವಾರದ ದಿನ, ಜನಜಂಗುಳಿ ಇಲ್ಲದ ಹೊತ್ತಿನಲ್ಲಿ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಒಂದೇ ಯಂತ್ರದ ಮುಂದೆ ಅರ್ಧ ಗಂಟೆ ನಿಲ್ಲುವ ಸ್ವಾತಂತ್ರ್ಯ ಆ ಮಗುವಿಗಿದೆ. ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೆ ಹೋಗಿ, ಬೆಂಗಳೂರು ಎಂಬ ಹೆಸರು ಕಲ್ಲಿನಲ್ಲಿ ಸಾವಿರ ವರ್ಷಕ್ಕೂ ಹಿಂದೆಯೇ ಇತ್ತೆಂದು ತಿಳಿದು, ಸಂಜೆ ಅದೇ ವಿಷಯದ ಪುಸ್ತಕ ಹುಡುಕಬಹುದು. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ಎಂದು ಓದುವುದು ಬೇರೆ, ಅದರ ಮೇಲೆ ಕೂತು ಬುತ್ತಿ ಬಿಚ್ಚುವುದು ಬೇರೆ. ಶಾಲೆಗಳ ‘ಶೈಕ್ಷಣಿಕ ಪ್ರವಾಸ’ ಎಷ್ಟೋ ಸಲ ಮುಗಿಯುವುದು ವಾಟರ್ ಪಾರ್ಕಿನಲ್ಲಿ!

ಮನೆಶಾಲೆ ಅಮೆರಿಕದಿಂದ ಬಂದ ಗೀಳು ಎಂದು ಮೂಗು ಮುರಿಯುವವರು ಪುತ್ತೂರಿನ ಬಾಲವನವನ್ನು ನೆನೆಯಲಿ. ಅಲ್ಲಿ ಶಿವರಾಮ ಕಾರಂತರು ತಮ್ಮ ಮಕ್ಕಳನ್ನು ಎಳವೆಯಲ್ಲಿ ಶಾಲೆಗೆ ಅಟ್ಟಲಿಲ್ಲ. ಕಾಡು, ಪುಸ್ತಕ, ಮಾತುಕತೆ ಇವೇ ಪಾಠವಾದವು. ಆದರೆ ಅದೇ ಕಾರಂತರು 1930ರ ದಶಕದಲ್ಲೇ ಮೂರು ಸಂಪುಟಗಳ ‘ಬಾಲಪ್ರಪಂಚ’ ಕಟ್ಟಿದ್ದು ಕನ್ನಡ ಓದಬಲ್ಲ ಎಲ್ಲ ಮಕ್ಕಳಿಗಾಗಿ. ಇಂದಿನ ಎಷ್ಟು ಮನೆಶಾಲೆಗಳ ಕಪಾಟಿನಲ್ಲಿ ಕನ್ನಡ ಪುಸ್ತಕವಿದೆ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಬಿಡುತ್ತೇನೆ. ಜಗಳ ಬೇರೆ ಕಡೆ ಹೋಗುತ್ತದೆ.

ಈಗ ರಾಯಚೂರು, ಯಾದಗಿರಿಯ ಹತ್ತಿ ಹೊಲಗಳಿಗೆ ಬನ್ನಿ. ಸುಗ್ಗಿ ಬಂತೆಂದರೆ ಹುಡುಗಿಯರ ಬೆಂಚು ಖಾಲಿ. ಹುಡುಕಿಕೊಂಡು ಮನೆಗೆ ಹೋದ ಮೇಷ್ಟ್ರಿಗೆ ಅಪ್ಪ ‘ಮನ್ಯಾಗ ಓದಸ್ತೀವ್ರೀ’ ಎಂದರೆ ಅವರು ಏನು ಹೇಳಬೇಕು? ಮನೆಯಲ್ಲಿ ಕಲಿಯುವ ಮಗುವಿಗೂ ಮನೆಯಲ್ಲಿ ಕೂಡಿಹಾಕಿದ ಮಗುವಿಗೂ ಸರ್ಕಾರದ ಲೆಕ್ಕದಲ್ಲಿ ಒಂದೇ ಹೆಸರು: ಶಾಲೆಯಿಂದ ಹೊರಗುಳಿದವರು. ಬೆಂಗಳೂರಿನ ಜಯನಗರದ ಮನೆಶಾಲೆಯ ಮಗು ಹದಿನಾಲ್ಕು ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲೆ ಎನ್‌ಐಒಎಸ್ ಮೂಲಕ ಹತ್ತನೇ ತರಗತಿ ಪಾಸು ಮಾಡಿಕೊಳ್ಳುತ್ತದೆ. ಹೊಲದ ಹುಡುಗಿಗೆ ಅಷ್ಟರಲ್ಲಿ ಮದುವೆಯ ಮಾತು ಬಂದಿರುತ್ತದೆ.

ನೋಂದಣಿ ಎಂದರೆ ಮನೆಶಾಲೆಯವರು ಸಿಡಿಮಿಡಿಗೊಳ್ಳುತ್ತಾರೆ. ನಮ್ಮ ಮೇಲೆ ಅನುಮಾನವೇ ಎನ್ನುತ್ತಾರೆ. ನೋಂದಣಿ ಏಕೆ ಬೇಕು ಎಂಬುದಕ್ಕೆ ಒಂದು ಪ್ರಕರಣ ನೋಡಿ. ಇಂಗ್ಲೆಂಡಿನ ವೋಕಿಂಗ್‌ನಲ್ಲಿ ಹತ್ತು ವರ್ಷದ ಹುಡುಗಿಯ ಮುಖದ ಗಾಯ ಕಂಡು ಶಾಲೆ ದೂರು ಕೊಟ್ಟಿತ್ತು. ಕೆಲವೇ ವಾರಗಳಲ್ಲಿ ತಂದೆ, ಮನೆಯಲ್ಲೇ ಕಲಿಸುತ್ತೇನೆಂದು ಅವಳನ್ನು ಬಿಡಿಸಿದ. 2023ರ ಆಗಸ್ಟ್‌ನಲ್ಲಿ ಅವಳ ಶವ ಸಿಕ್ಕಿತು; ತಂದೆ, ಮಲತಾಯಿಗೆ ಜೀವಾವಧಿ ಶಿಕ್ಷೆಯಾಯಿತು. ಶಾಲೆಗೆ ಹೋಗದ ಮಕ್ಕಳ ಕಡ್ಡಾಯ ನೋಂದಣಿಯ ಮಸೂದೆ 2024ರ ಡಿಸೆಂಬರ್‌ನಲ್ಲಿ ಅಲ್ಲಿನ ಸಂಸತ್ತಿಗೆ ಬಂದಾಗಲೂ ಒಳ್ಳೆಯ ಪೋಷಕರು ಇದೇ ಮಾತು ಆಡಿದರು. ಅವರು ಒಳ್ಳೆಯವರೇ. ಆದರೆ ನಮ್ಮ ಸಂವಿಧಾನದ 21ಎ ವಿಧಿ ಕೊಟ್ಟ ಶಿಕ್ಷಣದ ಹಕ್ಕು ಮಗುವಿನದು, ಪೋಷಕರದ್ದಲ್ಲ.

ಇಲಾಖೆಯ ಮೇಲಿನ ಅವರ ಭಯಕ್ಕೆ ಕಾರಣವಿಲ್ಲ ಎನ್ನಲಾರೆ. ಫಾರಂ, ಸಿಲಬಸ್, ‘ಮೇಲಿನವರಿಗೆ ಕಳಿಸಬೇಕು’ ಎಂಬ ರಾಗ ನಮಗೆಲ್ಲ ಗೊತ್ತು. ಜರ್ಮನಿಯಂತೆ ಮನೆಶಾಲೆಯನ್ನೇ ನಿಷೇಧಿಸುವುದೂ ಬೇಡ. ಸಂವಿಧಾನದ 51ಎ(ಕೆ) ಪೋಷಕರಿಂದ ಕೇಳುವುದು ಶಿಕ್ಷಣದ ಅವಕಾಶವನ್ನು, ಶಾಲೆಯ ಹಾಜರಿಯನ್ನಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಹತ್ತನೇ ಕಲಮಿಗೆ ಸರ್ಕಾರ ಒಂದು ಸಾಲು ಸೇರಿಸಿ ಮನೆಕಲಿಕೆಯನ್ನು ಒಪ್ಪಿಕೊಳ್ಳಲಿ. ಬದಲಿಗೆ ಪೋಷಕರು ಪ್ರತಿವರ್ಷ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯಲ್ಲಿ ಮಗುವಿನ ಹೆಸರು ಬರೆಸಲಿ. ವರ್ಷಕ್ಕೊಮ್ಮೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಮನೆಗೆ ಬರಲಿ. ಪರೀಕ್ಷೆ ಬೇಡ, ಅಂಕವೂ ಬೇಡ. ಈ ವರ್ಷ ಓದಿದ ಪುಸ್ತಕ ಯಾವುದು, ಎಲ್ಲೆಲ್ಲಿ ಹೋಗಿಬಂದೆ ಎಂದು ಕೇಳಲಿ. ಒಂದು ಹತ್ತು ನಿಮಿಷ ಅಪ್ಪ ಅಮ್ಮ ಪಕ್ಕದಲ್ಲಿಲ್ಲದಾಗ ಕೇಳಲಿ.